ಹಿತ್ತಲದ ಒಪ್ಪತ್ತಿನ ಮೀನುಗಳು

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯುತ್ತದೆ. ಹುಮನಾಬಾದಿನ ಬೇಸಿಗೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರು ಮೇ ತಿಂಗಳಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಅರ್ಧ ತಾಸು ಕೂತು ಹೋಗಬೇಕು. ಈ ಸಲವೂ ನಮ್ಮ ಮನೆಯವರು ತಲೆಗೆ ಟವೆಲ್ ಸುತ್ತಿಕೊಂಡು, ಸೀನುತ್ತ, ಕೂಲರ್ ಕಂಡುಹಿಡಿದವನನ್ನೇ ಬೈಯುತ್ತ ಅದನ್ನು ಇಳಿಸಿದರು. ಹಳೆಯ ಹುಲ್ಲು ಕಿತ್ತು ಹೊಸದು ತುಂಬಿದರು, ನೀರು ಹೊಯ್ದರು, ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು, ಹುಲ್ಲು ಮಾತ್ರ ನೆನೆಯಲಿಲ್ಲ. ಬಗ್ಗಿ ನೋಡಿದರೆ ನೀರು ಮೇಲೆತ್ತುವ ಆ ಪುಟ್ಟ ಮೋಟರೇ ಇಲ್ಲ.

"ಮೋಟರ್ ಎಲ್ಲಿ ಅದ?" ಎಂದರು.

"ಎಲ್ಲಿ ಅದ ಅಂತ ನಿಮಗ ಗೊತ್ತಿಲ್ಲೇನು?" ಎಂದೆ.

ಗೊತ್ತಿತ್ತು. ಹಿತ್ತಲಲ್ಲಿ ಮೀನಿನ ತೊಟ್ಟಿಯೊಳಗೆ ಅದು ಗುಳುಗುಳು ಎನ್ನುವುದು ಪಡಸಾಲೆಗೂ ಕೇಳಿಸುತ್ತದೆ. "ತಗದು ಇದಕ್ಕ ಹಾಕಲೇನು? ಇನ್ನ ಆ ಮೀನಾ ಯಾರಿಗೆ ಬೇಕಾಗ್ಯಾವ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ನನ್ನ ಮುಖ ನೋಡಿದರು. ಚಪ್ಪಲಿ ಮೆಟ್ಟಿಕೊಂಡು ಹೊಸ ಮೋಟರ್ ತರಲು ಬಜಾರಿಗೆ ಹೊರಟುಹೋದರು. ನಾನು ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಖುರ್ಷಿದ್ ಆಪಾ ಹೋಗಿ ಇನ್ನೂ ಬಹಳ ದಿನವಾಗಿಲ್ಲ.

ಆಪಾ ಅಂದರೆ ನಮ್ಮ ಹಿತ್ತಲ ಗೋಡೆಯ ಆಚೆ ಮನೆಯವರು. ಬಜಾರದಲ್ಲಿ ಅವರದು ಬಳೆ ಅಂಗಡಿ. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಹಾಗಾಗಿ ಇಡೀ ಓಣಿಗೆ ಅಕ್ಕೋರು. ಆಪಾ ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಆದರೂ ಅವರ ಬಾಯಲ್ಲಿಯೂ ನಾನು ಅಕ್ಕೋರೇ. ಗಂಡ ತೀರಿಹೋಗಿ ಬಹಳ ವರ್ಷ. ಮಗ ಲಾರಿ ಮೇಲೆ ಊರೂರು ತಿರುಗುವವನು. ಮನೆಯಲ್ಲಿ ಆಪಾ ಮತ್ತು ಸೊಸೆ ನಸ್ರೀನ್. ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ಎದೆಯ ಮಟ್ಟಕ್ಕಷ್ಟೇ ಇದೆ. ಅದನ್ನು ಎತ್ತರಿಸಬೇಕು ಎಂದು ನಮ್ಮ ಮನೆಯವರು ಆಗಾಗ ಅನ್ನುತ್ತಿದ್ದರು. ಎತ್ತರಿಸಿದರೆ ನಾನು ತವರಿಗೆ ಹೋಗಿಬಿಡುತ್ತೇನೆ ಎಂದು ನಾನೂ ಆಗಾಗ ಅನ್ನುತ್ತಿದ್ದೆ.

ಆಪಾನ ಸೂಕ್ಷ್ಮ ಎಂಥದ್ದೆಂದು ಹೇಳಬೇಕು. ರಂಜಾನ್ ಹಬ್ಬಕ್ಕೆ ಅವರು ನಮಗೆ ಶಾವಿಗೆ ಪಾಯಸವಾದ ಸುರಕುಂಬಾ ಮಾಡಿ ಕಳಿಸುತ್ತಿರಲಿಲ್ಲ. ಶಾವಿಗೆ, ಸಕ್ಕರೆ, ಖಾರೀಕು ಎನ್ನುವ ಒಣ ಖರ್ಜೂರ, ಗೋಡಂಬಿ, ಕೊನೆಗೆ ಹಾಲಿನ ಪಾಕೀಟು ಸಮೇತ ತಾಟಿನಲ್ಲಿಟ್ಟು, ಮೇಲೆ ಜರಿಯ ಬಟ್ಟೆ ಮುಚ್ಚಿ ಕಳಿಸುತ್ತಿದ್ದರು. ಲಿಂಗವಂತರ ಮನೆ, ಅವರ ಒಲೆಯ ಮೇಲೆ ಅವರೇ ಮಾಡಿಕೊಳ್ಳಲಿ ಎಂದು. ನಾನು ಮಾಡಿ ಒಂದು ಬಟ್ಟಲು ಗೋಡೆಯ ಮೇಲಿಂದ ಅವರಿಗೇ ಕೊಡುತ್ತಿದ್ದೆ. ಅವರು ಅಲ್ಲೇ ನಿಂತು ಕುಡಿದು, "ಶಾವಿಗಿ ಗಂಜಿ ಮಾಡೀರಲ್ಲರೀ ಅಕ್ಕೋರ!" ಎಂದು ಹಣೆ ಬಡಿದುಕೊಂಡು, ಬಟ್ಟಲು ಖಾಲಿ ಮಾಡಿ ವಾಪಸು ಕೊಡುತ್ತಿದ್ದರು.

ಇಂಥ ಮನೆಯ ನಾನು ಮೀನು ಸಾಕಿದ್ದು ಹೇಗೆ ಅಂತೀರಾ? ನನಗೂ ಅದೇ ಆಶ್ಚರ್ಯ.

ನನ್ನ ತವರು ಬಸವಕಲ್ಯಾಣ, ಕೋಟೆಯ ಮಗ್ಗುಲಿನ ಓಣಿ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಯಲ್ಲಿ ಮೀನು ಎಂಬ ಶಬ್ದವನ್ನೇ ತರುತ್ತಿರಲಿಲ್ಲ. 'ನೀರಾಗಿನವು' ಎನ್ನುತ್ತಿದ್ದಳು. ಬಜಾರಕ್ಕೆ ಹೋಗುವಾಗ ಮೀನು ಮಾರುವವರ ಸಾಲು ಇನ್ನೂ ಕಾಣುವ ಮೊದಲೇ ಸೆರಗು ಮೂಗಿಗೆ ಏರುತ್ತಿತ್ತು. ನನ್ನ ಮೂಗಿಗೂ ಅದೇ ಸೆರಗಿನ ಚುಂಗು. ಹೀಗಾಗಿ ಮೀನಿನ ವಾಸನೆ ಎಂದರೆ ನನಗೆ ಬಹಳ ಕಾಲ ಆಯಿಯ ಇಳಕಲ್ ಸೀರೆಯ ವಾಸನೆಯೇ ಆಗಿತ್ತು. ಅದೇ ಆಯಿ ತ್ರಿಪುರಾಂತ ಕೆರೆಯ ದಂಡೆಗೆ ಬಂದಳೆಂದರೆ ಬೇರೆಯೇ ಹೆಂಗಸು. ಉಡಿಯಲ್ಲಿ ಚುರುಮುರಿ ಕಟ್ಟಿಕೊಂಡು ಬಂದಿರುತ್ತಿದ್ದಳು. "ಹಾಕವ್ವಾ, ನೀರಾಗಿನವಕ್ಕ ಹಾಕು, ಪುಣ್ಯ ಬರ್ತದ" ಎಂದು ನನ್ನ ಮುಷ್ಟಿ ತುಂಬುತ್ತಿದ್ದಳು. ಒಮ್ಮೆ ಪುಣ್ಯದ ಆಸೆಗೆ ಬಗ್ಗಿ ಬಗ್ಗಿ ಹಾಕುತ್ತ ಮೊಣಕಾಲ ತನಕ ಕೆಸರಿನಲ್ಲಿ ಹೂತುಕೊಂಡೆ. ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ದೂರ ನಿಂತು ಚುರುಮುರಿ ಎಸೆಯುವುದು, ಮೀನಿನ ಜೊತೆ ನನ್ನ ಸಂಬಂಧ ಅಷ್ಟೇ.

ನಿವೃತ್ತಿಯಾದ ಮೇಲೆ ಮೊಬೈಲು ಕೈಗೆ ಅಂಟಿತು. ನಿಮಗೂ ಅಂಟಿರಬೇಕು, ನಗಬೇಡಿ. ಕಳೆದ ಮಳೆಗಾಲದ ಆರಂಭದಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾರೋ ಲುಂಗಿಯ ಮನುಷ್ಯ ತನ್ನ ಹಿತ್ತಲಲ್ಲಿ ನಿಂತು ನನಗೆ ತಿಳಿಯದ ಭಾಷೆಯಲ್ಲಿ ಸಡಗರದಿಂದ ಹೇಳುತ್ತಿದ್ದ. ಕೆಳಗೆ ತೊಟ್ಟಿಯಲ್ಲಿ ಮೀನು, ಮೇಲೆ ಜಲ್ಲಿಕಲ್ಲು ತುಂಬಿದ ಮಡಿಯಲ್ಲಿ ಸೊಪ್ಪು, ಮಣ್ಣು ಇಲ್ಲವೇ ಇಲ್ಲ. ಮೀನಿನ ಹೊಲಸು ಕೂಡಿದ ನೀರನ್ನು ಮೋಟರು ಮೇಲೆತ್ತುತ್ತದೆ, ಸೊಪ್ಪು ಆ ಹೊಲಸನ್ನು ಉಂಡು ಬೆಳೆಯುತ್ತದೆ, ತಿಳಿಯಾದ ನೀರು ಮತ್ತೆ ಮೀನಿಗೆ ಇಳಿಯುತ್ತದೆ. ಅಕ್ವಾಪೋನಿಕ್ಸ್ ಅಂತೆ. ನಾನು ಗೋಡೆಯ ಹತ್ತಿರ ಓಡಿ ಆಪಾನನ್ನು ಕರೆದು ತೋರಿಸಿದೆ.

"ಯಾ ಅಲ್ಲಾ! ಮೀನಿನ ಹೊಲಸಿನ ಮ್ಯಾಲ ಪುದೀನಾ!" ಎಂದು ಆಪಾ ಕಣ್ಣರಳಿಸಿದರು. ಆಮೇಲೆ ಕಣ್ಣು ಕಿರಿದು ಮಾಡಿ ವ್ಯಾಪಾರಕ್ಕೆ ಇಳಿದರು. "ಅಕ್ಕೋರ, ಒಂದ್ ಮಾತ ಕೇಳ್ರಿ. ಇದು ನಮ್ಮಿಬ್ಬರ ಸಲುವಾಗೇ ಹುಟ್ಟೇದ. ಎಲಿ ನಿಮಗ, ಮೀನ ನಮಗ. ಮಾಡೂಣೇನು?"

ಮಾಡೋಣ ಎಂದೆ. ನಮ್ಮ ಮನೆಯವರು ಪತ್ರಿಕೆಯಿಂದ ತಲೆ ಎತ್ತಿ, "ಮನ್ಯಾಗ ಲಿಂಗಪೂಜಿ, ಹಿತ್ತಲದಾಗ ಮೀನ. ಭಾಳ ಚಂದ ಆತು" ಎಂದರು. ಆದರೂ ನೀಲಿ ಬ್ಯಾರಲ್ ಅನ್ನು ಉದ್ದಕ್ಕೆ ಸೀಳಿ ಕೊಟ್ಟವರು ಅವರೇ. ಬೇಸಿಗೆ ಮುಗಿದು ಅಟ್ಟಕ್ಕೆ ಹೋಗಬೇಕಿದ್ದ ಕೂಲರಿನಿಂದ ಮೋಟರ್ ಬಿಚ್ಚಿಕೊಂಡವಳು ನಾನು. ಆಪಾ ಇದಕ್ಕೆ 'ನಮ್ಮ ಕಾರಖಾನಿ' ಎಂದು ಹೆಸರಿಟ್ಟರು. ನಸ್ರೀನ್‌ಗೆ ಮಾತ್ರ ಇಬ್ಬರು ಮುದುಕಿಯರ ಹುಚ್ಚು ನೋಡಿ ನಗು ತಡೆಯಲಾಗುತ್ತಿರಲಿಲ್ಲ.

ಕಲಿಯುವವರು ಮಾಡುವ ತಪ್ಪುಗಳನ್ನೆಲ್ಲ ನಾವು ತಪ್ಪದೆ ಮಾಡಿದೆವು. ಜಲ್ಲಿ ತರುವ ಬದಲು ಪುಕ್ಕಟೆ ಸಿಗುತ್ತದೆಂದು ನಮ್ಮ ಕಡೆಯ ಕೆಂಪು ಮುರುಂ ಮಣ್ಣು ತುಂಬಿದೆವು. ಮೋಟರ್ ಹಾಕಿದ್ದೇ ತಡ, ತೊಟ್ಟಿಯ ತುಂಬ ಚಹಾ. "ಸಕ್ಕರಿ ತರಲೇನ್ರಿ ಅಕ್ಕೋರ?" ಎಂದು ಆಪಾ ಗೋಡೆ ಹಿಡಿದು ನಕ್ಕರು. ಮುರುಂ ತೆಗೆದು ಜಲ್ಲಿ ತುಂಬಿದೆವು. ಆಮೇಲೆ ನಳದ ನೀರು ಹಿಡಿದು ಆವತ್ತೇ ಮೀನಿನ ಮರಿ ಬಿಟ್ಟೆವು. ಬ್ಲೀಚಿಂಗ್ ಪುಡಿಯ ನೀರು. ಸಂಜೆಗೆ ಎಲ್ಲವೂ ಬೆಳ್ಳಗೆ ಮೇಲೆ ತೇಲಿದವು. ಅವತ್ತು ನಾನು ಊಟ ಮಾಡಲಿಲ್ಲ. ಆಪಾ ನನ್ನನ್ನು ಸಮಾಧಾನ ಮಾಡುತ್ತ, "ಹೆಂಗಿದ್ರೂ ಸಾಯೋವೇ ಇದ್ದವು ಅಕ್ಕೋರ, ಜರಾ ಜಲ್ದಿ ಹೋದ್ವು" ಎಂದರು. ಆ ಮಾತು ಕೇಳಿ ನನಗೆ ಇನ್ನೂ ಅಳು ಬಂತು. ನೀರನ್ನು ಬಿಸಿಲಿಗೆ ಹಳತಾಗಲು ಬಿಡಬೇಕು, ಮೊದಲು ಒಂದೆರಡು ಮೀನು ಬಿಟ್ಟು ನೀರು ಪಳಗಿಸಬೇಕು ಎಂದೆಲ್ಲ ಆಮೇಲೆ ತಿಳಿಯಿತು. ಎರಡನೆಯ ಸಲ ತಂದ ಮರಿಗಳು ಉಳಿದವು. ಅವಕ್ಕೆ ಜಿಲೇಬಿ ಮೀನು ಎನ್ನುತ್ತಾರೆಂದು ಕೇಳಿ ನನಗೆ ಅರ್ಧ ಧೈರ್ಯ ಬಂದಿತ್ತು.

ಆದರೆ ನಮ್ಮ ದೊಡ್ಡ ತಪ್ಪು ಇದು ಯಾವುದೂ ಅಲ್ಲ. ಅಂಥ ತಪ್ಪನ್ನು ಆ ಲುಂಗಿಯ ಮನುಷ್ಯ ಕನಸಿನಲ್ಲೂ ಊಹಿಸಿರಲಾರ.

ಮರಿಗಳ ಜೊತೆ ಬೀದರಿನ ಅಂಗಡಿಯವನು ಒಂದು ಪಾಕೀಟು ಮೀನಿನ ಆಹಾರ ಕೊಟ್ಟಿದ್ದ. ಶೇಂಗಾ ಕಟ್ಟಿಕೊಟ್ಟ ಕಾಗದವನ್ನೂ ಓದುವ ಚಟ ನನ್ನದು. ಪಾಕೀಟಿನ ಹಿಂದಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿಕೊಂಡು ಓದಿದೆ. ಒಣಮೀನಿನ ಪುಡಿ ಎಂದಿತ್ತು. ಮೈ ಝುಂ ಅಂದಿತು. ಮೀನಿಗೆ ಮೀನನ್ನೇ ತಿನ್ನಿಸುವುದೇ? ಅದೂ ನನ್ನ ಕೈಯಿಂದ? ಪಾಕೀಟನ್ನು ಎರಡು ಬೆರಳಲ್ಲಿ ಹಿಡಿದು ಗೋಡೆಯಾಚೆ ದಾಟಿಸಿದೆ.

"ಇದು ನಮ್ಮ ಹಿತ್ತಲದಾಗ ನಡಿಯಂಗಿಲ್ಲ ಆಪಾ. ರೊಟ್ಟಿ ಹಾಕತೀನಿ, ಕಡ್ಲಿಹಿಟ್ಟು ಹಾಕತೀನಿ, ಶೇಂಗಾ ಹಿಂಡಿ ಹಾಕತೀನಿ. ಅದನ್ನ ತಿಂದು ಬೆಳೀಲಿ."

ಆಪಾ ಒಂದು ಕ್ಷಣ ನನ್ನನ್ನು ನೋಡಿದರು. ಮೀನು ತಿಂದು ಬೆಳೆದವರು ಅವರು, ರೊಟ್ಟಿಗೆ ಮೀನು ಬೆಳೆಯುವುದಿಲ್ಲ ಎಂದು ಹೇಳಬಹುದಿತ್ತು. "ನಿಮ್ಮ ಹಿತ್ತಲ, ನಿಮ್ಮ ಖಾಯದಾ" ಎಂದಷ್ಟೇ ಹೇಳಿ ಪಾಕೀಟನ್ನು ತಮ್ಮ ಕೋಳಿಗಳಿಗೆ ಹಾಕಿದರು. ಆ ಮಳೆಗಾಲ ಅವರ ಕೋಳಿಗಳು ಭಾರಿ ಪುಷ್ಟಿಯಾದವು.

ಹೀಗೆ ಹುಮನಾಬಾದಿನಲ್ಲಿ ಸಸ್ಯಾಹಾರಿ ಮೀನಿನ ಸಾಕಣೆ ಶುರುವಾಯಿತು. ಪುದೀನಾ ಹಬ್ಬಿತು, ಪಾಲಕ ಬಂತು, ಪುಂಡಿಪಲ್ಯ ಬಂತು. ಪುಂಡಿಯನ್ನು ಅವರು ಅಂಬಾಡಿ ಅನ್ನುತ್ತಾರೆ, ಹಂಚಿಕೊಂಡು ತಿಂದೆವು. ಮೀನು ಮಾತ್ರ ಬೆರಳಿನಷ್ಟು ಇದ್ದದ್ದು ಬೆರಳಿನಷ್ಟೇ ಉಳಿದವು. ಬೆಳಿಗ್ಗೆ ಬಳೆ ಅಂಗಡಿಗೆ ಹೊರಡುವ ಮುನ್ನ ಆಪಾ ಗೋಡೆಯ ಮೇಲಿಂದ ತೊಟ್ಟಿಯೊಳಗೆ ಇಣುಕುತ್ತಿದ್ದರು. "ಅಕ್ಕೋರ, ನಿಮ್ಮ ಮೀನಾ ಸೋಮವಾರ ಒಪ್ಪತ್ತು ಮಾಡತಾವೇನ್ರಿ? ಶ್ರಾವಣ ಮುಗದ್ರೂ ಬಿಡವಲ್ಲವು!" ಎನ್ನುತ್ತಿದ್ದರು. "ನಿಧಾನ ಬೆಳೀತಾವ್ರಿ, ಅವಸರ ಏನದ?" ಎನ್ನುತ್ತಿದ್ದೆ. ಅವಸರ ಏನೂ ಇಲ್ಲ ಎಂದೇ ಇಬ್ಬರೂ ತಿಳಿದಿದ್ದೆವು.

ದಸರೆಯ ಹೊತ್ತಿಗೆ ಆಪಾ ಊಟಕ್ಕೆ ಕೂತರೆ ನೀರಿನ ಮೇಲೆ ನೀರು ಕುಡಿಯತೊಡಗಿದರು. "ರೊಟ್ಟಿ ಇಲ್ಲಿ ನಿಂತಂಗ ಆಗ್ತದ ನೋಡ್ರಿ" ಎಂದು ಎದೆಯ ಮೇಲೆ ಬೆರಳಿಟ್ಟು ತೋರಿಸಿದರು. ರೊಟ್ಟಿ ಬಿಟ್ಟು ಅನ್ನ ಹಿಡಿದರು, ಅನ್ನ ಬಿಟ್ಟು ಗಂಜಿ ಹಿಡಿದರು. ಮಗ ಲಾರಿ ನಿಲ್ಲಿಸಿ ಬಂದು ಬೀದರಿಗೆ ಕರೆದೊಯ್ದ, ಅಲ್ಲಿಂದ ಹೈದರಾಬಾದಿಗೆ. ಅನ್ನನಾಳದಲ್ಲಿ ಗಂಟು, ತಡವಾಗಿದೆ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರಂತೆ. ನಸ್ರೀನ್ ಗೋಡೆಗೆ ಬಂದು ಇದನ್ನು ನನಗೆ ಹೇಳುವಾಗ ಅವಳ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಆ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ನಾನು ಗೋಡೆಯ ಮೇಲಿಂದ ಕೈ ಚಾಚಿ ಸೆರಗಿನಿಂದ ಅವಳ ಮುಖದ ಹಿಟ್ಟು ಒರೆಸಿದೆ.

ನೋಡಲು ಹೋದಾಗ ಆಪಾ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಕೈತುಂಬ ಬಳೆ ಇರುತ್ತಿದ್ದ ಹೆಂಗಸು, ಈಗ ಬಳೆ ಮೊಣಕೈ ತನಕ ಜಾರುತ್ತಿದ್ದವು.

"ಅಕ್ಕೋರ, ಕಾರಖಾನಿ ಹ್ಯಾಂಗ ನಡದದ?"

"ನಡದದ ಆಪಾ."

"ನಮ್ಮ ಪಾಲು ಇನ್ನಾ ಬಂದಿಲ್ಲ ನೋಡ್ರಿ. ಎಲಿ ನೀವು ಎಷ್ಟ ತಿಂದೀರಿ. ನಮ್ಮದು ಒಂದ್ ಮೀನ ತಿಂದೇ ಹೋಗಾಕಿ ನಾನು."

"ಬಜಾರದಿಂದ ತರಿಸಿ ಕೊಡ್ತೀನಿ ಅಮ್ಮೀ, ಕಾರಂಜಾ ಡ್ಯಾಮಿಂದು ಛಲೋ ಮೀನ ಬರ್ತಾವ," ಎಂದಳು ನಸ್ರೀನ್.

"ಬಜಾರದ್ದು ಜಿಂದಗಿ ತುಂಬ ತಿಂದೀನಿ. ನಂದು ನನಗ ಬೇಕು," ಎಂದರು ಆಪಾ. ಅವರ ಹಟ ನನಗೆ ಗೊತ್ತು. ಬಳೆಯ ಗಿರಾಕಿಗಳಿಗೂ ಗೊತ್ತು.

ಮನೆಗೆ ಬಂದು ತೊಟ್ಟಿಯ ಮುಂದೆ ನಿಂತೆ. ಬೆರಳು ಗಾತ್ರದ ಮೀನುಗಳು ರೊಟ್ಟಿಯ ಚೂರಿಗಾಗಿ ಮೇಲೆ ಬಂದು ಬಾಯಿ ತೆರೆದವು. ಸಿಟ್ಟು ಬಂತು. ಅವುಗಳ ಮೇಲೋ, ನನ್ನ ಮೇಲೋ, ದೇವರ ಮೇಲೋ ತಿಳಿಯಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬೀದರಿಗೆ ಹೋಗಿ ಅದೇ ಪಾಕೀಟು ತಂದೆ, ಎಲ್ಲಕ್ಕಿಂತ ದೊಡ್ಡದು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಪಕ್ಕದ ಸೀಟಿನ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು.

ಮೊದಲ ದಿನ ಮುಖ ತಿರುಗಿಸಿಕೊಂಡು ಮುಷ್ಟಿ ತುಂಬ ತೆಗೆದೆ. ಹಾಕಿ, ಬಂದು ತಲೆಯ ಮೇಲೆ ನೀರು ಸುರಿದುಕೊಂಡೆ. ಎರಡನೆಯ ದಿನವೂ ಹಾಗೇ. ಆಮೇಲೆ ಕೈ ಮಾತ್ರ ತೊಳೆದುಕೊಂಡೆ. ಪಾಕೀಟು ಒಳಗೆ ತರಬೇಡ ಎಂದು ಮನೆಯವರು ಹೇಳಿದ್ದರು, ಬಚ್ಚಲ ಹೊರಗಿನ ಗೂಡಿನಲ್ಲಿಟ್ಟಿದ್ದೆ. ಒಂದು ಮಧ್ಯಾಹ್ನ ನಿದ್ದೆಯಿಂದೆದ್ದು ಬಂದರೆ, ಸ್ನಾನ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡ ನಮ್ಮ ಮನೆಯವರೇ ತೊಟ್ಟಿಗೆ ಬಗ್ಗಿ ಅದನ್ನು ಉದುರಿಸುತ್ತಿದ್ದರು. ನನ್ನನ್ನು ಕಂಡು, "ಹಸಿದಿದ್ದವು" ಎಂದರು. ನಾನು ನೋಡದವಳಂತೆ ಒಳಗೆ ಹೋದೆ.

ಆದರೆ ಚಳಿ ಬಿತ್ತು. ಬೀದರ ಸೀಮೆಯ ಚಳಿ. ಚಳಿಗೆ ಮೀನು ಹೆಚ್ಚು ತಿನ್ನುವುದಿಲ್ಲವಂತೆ, ತಳದಲ್ಲಿ ಮಂಕಾಗಿ ನಿಲ್ಲುತ್ತವೆ. ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದೆ, ಸುತ್ತ ಹಳೆಯ ಕೌದಿ ಸುತ್ತಿದೆ. ತಿನ್ನಿ ಎಂದು ಬೈದೆ, ತಿನ್ನಿ ಎಂದು ಬೇಡಿಕೊಂಡೆ. ಬಿಸಿಲೇರಿದ ಮೇಲೆ ಒಂದಿಷ್ಟು ತಿನ್ನುತ್ತಿದ್ದವು. ದಿನಾ ಸಂಜೆ ಆಪಾನ ಮಂಚದ ಬಳಿ ಹೋಗಿ ಕೂತರೆ ಮೊದಲ ಪ್ರಶ್ನೆ "ಎಷ್ಟಾಗ್ಯಾವ?" ನಾನು ಕೈ ಚಾಚಿ ಅಳತೆ ತೋರಿಸಬೇಕು. ಬೆರಳಿದ್ದದ್ದು ಅಂಗೈ ಆಯಿತು. ಅಂಗೈ ದಾಟತೊಡಗಿತು. ಒಂದು ಕಡೆ ಮೀನು ದಪ್ಪವಾಗುತ್ತಿದ್ದವು, ಇನ್ನೊಂದು ಕಡೆ ಆಪಾ ಕರಗುತ್ತಿದ್ದರು. ಇಷ್ಟು ಸರಳವಾದ ಲೆಕ್ಕ ನನಗೆ ಕಾಣುತ್ತಿತ್ತು, ಕಾಣದಂತೆ ಇರಲು ಆಗುತ್ತಿರಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ತೊಟ್ಟಿಯ ಸೊಪ್ಪನ್ನೇ ಹಾಕಿ ಭಜ್ಜಿ ಪಲ್ಯ ಮಾಡಿ ಒಂದು ಬಟ್ಟಲು ಒಯ್ದೆ. ನಮ್ಮ ಕಡೆ ಅವತ್ತು ಯಾರ ಮನೆಗೂ ಭಜ್ಜಿ ಹೋಗದೆ ಇರುವುದಿಲ್ಲ. ಆಪಾ ಬೆರಳ ತುದಿಯಿಂದ ನಾಲಿಗೆಗೆ ಹಚ್ಚಿಕೊಂಡರು. ಅಷ್ಟಕ್ಕೇ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಕೆಮ್ಮು ನಿಂತ ಮೇಲೆ, "ಎಲಿ ಆತು. ಇನ್ನ ಮೀನ" ಎಂದರು.

ಸಂಕ್ರಮಣ ಕಳೆದು ಬಿಸಿಲು ಸ್ವಲ್ಪ ಚುರುಕಾದಾಗ ನಸ್ರೀನ್ ಬಂದಳು. "ಅಕ್ಕೋರ, ಇನ್ನ ಕಾಯಬ್ಯಾಡ್ರಿ. ನಿನ್ನಿಂದ ಹಾಲೂ ಇಳೀವಲ್ದು. ಚಮಚದಾಗ ನೀರ ಹಾಕಾಕತ್ತೀನಿ" ಎಂದಳು.

ನಾನೇ ಹಿಡಿಯುತ್ತೇನೆ ಎಂದೆ. ಹಿಟ್ಟಿನ ಹಳೆಯ ಜರಡಿ ತಂದು ನೀರಿಗೆ ಇಳಿಸಿದೆ. ದಿನಾ ಕೈಯಿಂದ ತಿಂದು ಅಭ್ಯಾಸವಾದ ಮೀನುಗಳು ಓಡಲಿಲ್ಲ, ತಾವಾಗಿ ಜರಡಿಯ ಹತ್ತಿರ ಬಂದವು. ಓಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದೊಡ್ಡದೊಂದು ಬಂತು. ಜರಡಿಯಿಂದ ಜಿಗಿಯಬಾರದೆಂದು ಇನ್ನೊಂದು ಕೈಯಿಂದ ಒತ್ತಿ ಹಿಡಿದೆ. ಹುಟ್ಟಿದ ಮೇಲೆ ಮೊದಲ ಸಲ ಮೀನು ಮುಟ್ಟಿದ್ದು. ತಣ್ಣಗಿತ್ತು, ಅಂಗೈಯಲ್ಲಿ ಅದರ ಜೀವ ಪುಟಪುಟ ಎನ್ನುತ್ತಿತ್ತು. ನಿನ್ನ ಪಾಪ ನನಗಿರಲಿ ಎಂದು ಬಾಯಿಬಿಟ್ಟು ಹೇಳಿದೆ. ಬಕೆಟ್ಟಿನಲ್ಲಿ ನೀರು ಹಾಕಿ ಅದರಲ್ಲಿ ಬಿಟ್ಟು, ಗೋಡೆಯ ಮೇಲಿಂದ ಕೊಡಲು ಮನಸ್ಸಾಗದೆ, ಮುಂಬಾಗಿಲಿನಿಂದ ಹೊರಟು ಓಣಿಯಲ್ಲಿ ನಡೆದು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತವರು ಬಕೆಟ್ಟಿನೊಳಗೆ ನೋಡಿದರು, ನನ್ನ ಮುಖ ನೋಡಿದರು, ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು.

ಆಪಾ ಬಕೆಟ್ಟನ್ನು ಮಂಚದ ಹತ್ತಿರ ತರಿಸಿದರು. ನಸ್ರೀನ್ ಅವರ ತಲೆ ಎತ್ತಿ ಹಿಡಿದಳು. ಬಹಳ ಹೊತ್ತು ನೋಡಿದರು. "ಮಾಶಾಅಲ್ಲಾ" ಎಂದರು, ದನಿಯೇ ಇರಲಿಲ್ಲ, ತುಟಿ ಮಾತ್ರ ಆಡಿತು. ಆಮೇಲೆ ಸೊಸೆಗೆ ಸನ್ನೆ ಮಾಡಿ ಕಿವಿ ಹತ್ತಿರ ಕರೆದು ಒಂದೊಂದಾಗಿ ಹೇಳಿದರು: ಹುಣಸೆಹಣ್ಣು ಎಷ್ಟು, ಬೆಳ್ಳುಳ್ಳಿ ಎಷ್ಟು, ಮೆಂತ್ಯ ಯಾವಾಗ.

ನಸ್ರೀನ್ ಅಡಿಗೆಮನೆಯಲ್ಲಿದ್ದಷ್ಟು ಹೊತ್ತು ನಾನು ಆಪಾನ ಕೈ ಹಿಡಿದು ಕೂತಿದ್ದೆ. ಒಗ್ಗರಣೆಯ ವಾಸನೆ ಬಂತು, ಅದರ ಹಿಂದೆ ಇನ್ನೊಂದು ವಾಸನೆ ಬಂತು. ಸೆರಗು ಮೂಗಿನ ತನಕ ಹೋಗಲಿಲ್ಲ. ಒಂದು ಕೈ ಆಪಾನ ಹತ್ತಿರ ಇತ್ತು, ಇನ್ನೊಂದಕ್ಕೆ ನೆನಪೇ ಆಗಲಿಲ್ಲ.

ನಸ್ರೀನ್ ಬಟ್ಟಲು ತಂದಳು. ಚಮಚದ ತುದಿಯಲ್ಲಿ ಒಂದು ಹನಿ ಸಾರು ತುಟಿಗೆ ಮುಟ್ಟಿಸಿದಳು. ಅದು ಒಳಗೆ ಹೋಗಲಿಲ್ಲ. ತುಟಿಯ ಅಂಚಿನಿಂದ ಗದ್ದಕ್ಕೆ ಇಳಿಯಿತು. ಮತ್ತೊಮ್ಮೆ ಮುಟ್ಟಿಸಿದಳು, ಮತ್ತೂ ಇಳಿಯಿತು. ನಾನು ಸೆರಗಿನಿಂದ ಒರೆಸಿದೆ. ಆಪಾ ಸಾಕು ಎಂದು ಕಣ್ಣಲ್ಲೇ ಹೇಳಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಹಳೆಯ ತುಂಟತನ ಇನ್ನೂ ಇತ್ತು.

"ನೀವಾ ಹೇಳ್ರಿ ಅಕ್ಕೋರ," ಎಂದರು, "ಹ್ಯಾಂಗಾಗೇದ?"

ಆಗ ನಾನು ಒಂದು ಚಮಚ ಬಾಯಿಗಿಟ್ಟುಕೊಂಡೆ ಎಂದು ಬರೆಯುವ ಆಸೆ ನನಗೆ ಬಹಳ ಇದೆ. ಇಟ್ಟುಕೊಳ್ಳಲಿಲ್ಲ. ಆಗಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ಎಷ್ಟು ಸಾಧ್ಯವೋ ಅಷ್ಟು ಉಸಿರು ಒಳಗೆಳೆದುಕೊಂಡೆ.

"ಹುಳಿ ಸರಿ ಬಿದ್ದದ ಆಪಾ," ಎಂದೆ. "ಖಾರ ಜರಾ ಕಮ್ಮಿ ಆಗೇದ."

ಆಪಾ ಸೊಸೆಯ ಕಡೆ ನೋಡಿದರು. "ಕೇಳಿದೇನು? ಅಕ್ಕೋರು ಹೇಳ್ಯಾರ. ಖಾರ ಹಾಕು."

ನಸ್ರೀನ್ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಸಾರನ್ನು ಮತ್ತೆ ಪಾತ್ರೆಗೆ ಸುರಿದ ಸಪ್ಪಳ ಕೇಳಿಸಿತು, ಡಬ್ಬಿಯ ಮುಚ್ಚಳ ತೆಗೆದದ್ದು ಕೇಳಿಸಿತು, ಅವಳು ಮೂಗು ಎಳೆದುಕೊಂಡದ್ದೂ ಕೇಳಿಸಿತು. ಖಾರ ಹಾಕಿ ಒಲೆ ಹಚ್ಚಿದಳು. ಅದು ಕುದಿಯುವ ತನಕ ಆಪಾ, ನಾನು, ಇಬ್ಬರೂ ಕಾದೆವು.